ಸೂಚೀಕರ್ಮವೂ ಕೊಳ್ಳೇಗಾಲ ಸೀಮೆಯ ವಸ್ತ್ರಸಂಪತ್ತೂ

ವಾತ್ಸ್ಯಾಯನನು ಎಣಿಸಿರುವ ಅರವತ್ತನಾಲ್ಕು ಕಲೆಗಳಲ್ಲಿ ಸೂಚೀವಾನಕರ್ಮವೆಂಬುದೂ ಒಂದು. ಜಯಮಂಗಲಾ ವ್ಯಾಖ್ಯಾನವು ಇದನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಕಂಚುಕ ಮೊದಲಾದವುಗಳನ್ನು ಹೊಲಿಯುವುದು, ಹರಿದ ವಸ್ತ್ರವನ್ನು ಸರಿಪಡಿಸುವುದು, ಹಾಸುಹೊದಿಕೆಗಳನ್ನು ರಚಿಸುವುದು. ಹರಕುಬಟ್ಟೆಯನ್ನು ಕೂಡಿಸುವ ಕೆಲಸವನ್ನೂ ಪ್ರಾಚೀನರು ಗೀತನೃತ್ಯಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿದರೆಂಬುದು ವಾಚಕರು ಗಮನಿಸತಕ್ಕ ಸಂಗತಿ.

ಹನೂರಿನಿಂದ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಯಾತ್ರಿಕರಿಗೆ ಕೌದಳ್ಳಿಯು ಪರಿಚಿತವಾದ ಊರು. ಈ ಊರನ್ನೊಳಗೊಂಡಿದ್ದ ಹಳೆಯ ಕೊಳ್ಳೇಗಾಲ ಸೀಮೆಯು 1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಇಂಗ್ಲಿಷರ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಆಳುವವರು ಬದಲಾದರೂ ಹಿಪ್ಪುನೇರಳೆಯ ಬೇಸಾಯವು ನಿಲ್ಲಲಿಲ್ಲ. ಮದರಾಸು ಪ್ರಾಂತದ ರೇಷ್ಮೆಗೆ ಈ ತಾಲ್ಲೂಕೇ ಮುಖ್ಯ ನೆಲೆಯಾಗಿದ್ದಿತು. ಕೊಳ್ಳೇಗಾಲದ ನೇಕಾರರ ಜರಿವಸ್ತ್ರಗಳನ್ನು ಅಂದಿನ ಗ್ಯಾಸೆಟಿಯರುಗಳೂ ಹೆಸರಿಸಿವೆ. ಇಲ್ಲಿ ಅಲಂಕಾರವು ಸೂಜಿಯಿಂದಲ್ಲ, ಮಗ್ಗದಲ್ಲಿಯೇ ಹುಟ್ಟುತ್ತಿದ್ದಿತು.

ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಗಡುತಂತಿಯನ್ನು ಸುತ್ತಿ, ಚಿನ್ನದ ಲೇಪವಿತ್ತು ಮಾಡಿದ ನೂಲು. ಈ ಬೆಲೆಯೇ ವಸ್ತ್ರಕ್ಕೆ ಮೃತ್ಯುವಾಯಿತು. ಸೀರೆಯು ಜೀರ್ಣವಾದೊಡನೆ ಅದನ್ನು ಸುಟ್ಟು ಲೋಹವನ್ನು ತೆಗೆದುಕೊಳ್ಳುವ ಪದ್ಧತಿಯು ದಕ್ಷಿಣದೇಶದಲ್ಲೆಲ್ಲ ಇದ್ದಿತು. ಬೆಳ್ಳಿಯು ಉಳಿಯಿತು, ನೇಯ್ದವನ ಬುದ್ಧಿಯು ಬೂದಿಯಾಯಿತು.

ಕೌದಿಯ ಗತಿಯು ಇದಕ್ಕೆ ವಿಪರೀತ. ಹಳೆಯ ಸೀರೆ, ಪಂಚೆಗಳ ತುಂಡುಗಳನ್ನು ಪದರಪದರವಾಗಿ ಇಟ್ಟು, ಅಂಚಿನಿಂದ ಒಳಕ್ಕೆ ಸಾಲುಹೊಲಿಗೆ ಹಾಕಿ ಅಜ್ಜಿಯರು ಕೌದಿಯನ್ನು ಸಿದ್ಧಪಡಿಸುವರು. ಮಗುವಿಗೆ ತಾಯಿಯ ಹಳೆಯ ಸೀರೆಯೇ ಹಾಸಿಗೆಯಾಗುವುದು. ಇದನ್ನು ಸುಡುವವರಿಲ್ಲ, ಏಕೆಂದರೆ ಬೆಲೆಯಿಲ್ಲ; ಬೆಲೆಯಿಲ್ಲದ್ದರಿಂದಲೇ ಕಾದಿಡುವವರೂ ಇಲ್ಲ. ಹೀಗೆ ಒಂದು ಬೆಲೆಯಿಂದ ನಷ್ಟವಾಯಿತು, ಮತ್ತೊಂದು ಬೆಲೆಯಿಲ್ಲದೆ ನಷ್ಟವಾಗುತ್ತಿದೆ.

ಧಾರವಾಡ ಪ್ರಾಂತದ ಕಸೂತಿಯು ಮಾತ್ರ ಬೇರೊಂದು ದಾರಿಯನ್ನು ಹಿಡಿಯಿತು. ಗಂಟು ಹಾಕದೆ, ಬಟ್ಟೆಯ ಎಳೆಗಳನ್ನು ಎಣಿಸಿ, ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಅಂಬಾರಿಯ ಆನೆ, ತುಳಸೀಕಟ್ಟೆಗಳನ್ನು ಅಲ್ಲಿಯ ಸ್ತ್ರೀಯರು ಮೂಡಿಸಿದರು. ಸೀರೆ ಹರಿದರೂ ಎಣಿಕೆಯು ತಾಯಿಯಿಂದ ಮಗಳಿಗೆ ದಾಟಿತು. ಹೊಲಿಗೆಗೂ ಚಿತ್ರಕ್ಕೂ ಹೆಸರಿದ್ದುದರಿಂದ ವಿದ್ಯೆಯು ಉಳಿಯಿತು. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ವಸ್ತ್ರವನ್ನು ಕಾಪಾಡುವುದು ಪೆಟ್ಟಿಗೆಯಲ್ಲ, ಹೆಸರು ಎಂಬುದೇ ಇದರಿಂದ ದೊರೆಯುವ ಪಾಠ. ದಾನಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ನಮ್ಮ ನಾಡಿನ ರೂಢಿ. ಹೊಲಿದವಳ ಹೆಸರನ್ನು ಕಾಗದದಲ್ಲಿಯಾದರೂ ಬರೆದಿಡುವವರು ವಿರಳ. ಕೌದಳ್ಳಿಯ ಒಂದು ಮನೆಯಲ್ಲಿ ಒಂದು ಹಳೆಯ ಕೌದಿಯಿದ್ದರೆ, ಅದನ್ನು ಹೊಲಿದವರಾರು, ಯಾವ ತುಂಡು ಯಾರ ಸೀರೆಯದು ಎಂಬುದನ್ನು ತಿಳಿದ ವೃದ್ಧೆಯೊಬ್ಬಳು ಇರುವಾಗಲೇ ಕೇಳಿ ಬರೆದಿಡುವುದು ಕಿರಿಯರ ಕರ್ತವ್ಯ. ಶಾಸ್ತ್ರವು ಕಲೆಯೆಂದುದನ್ನು ಮನೆಯು ಚಿಂದಿಯೆಂದು ಎಣಿಸಬಾರದು.