ಅಕ್ಷರ ಯಾರ ಸೊತ್ತು?

ಬಂಗಾರಪೇಟೆ ಎಂಬ ಹೆಸರು ಕೇಳಿದವರು ಇಲ್ಲಿ ಬಂಗಾರ ಸಿಗುತ್ತದೆಂದೇ ತಿಳಿಯುತ್ತಾರೆ. ಬಂಗಾರಕ್ಕೂ ಈ ಹೆಸರಿಗೂ ಮೂಲದಲ್ಲಿ ಸಂಬಂಧವಿಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಸಾಹೇಬರ ನೆನಪಿಗೆ ಬೌರಿಂಗ್‌ಪೇಟೆ ಎಂದಿದ್ದ ಊರು ಜನರ ಬಾಯಲ್ಲಿ ನಯವಾಗಿ ಬಂಗಾರಪೇಟೆಯಾಯಿತು. ಚಿನ್ನವಿದ್ದದ್ದು ಹತ್ತು ಮೈಲಿ ಆಚೆ, ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ನೆಲದಡಿಯಲ್ಲಿ. ಅಲ್ಲಿಗೆ 1894ರಲ್ಲಿ ಇಲ್ಲಿಂದ ರೈಲು ಹಾದಿ ಹಾಕಿದರು. ಅಂದಿನಿಂದ ನಮ್ಮದು ರೈಲು ಬದಲಾಯಿಸುವ ಊರು. ಈಗ ಗಾಜಿನಂತೆ ತಿಳಿಯಾದ ನೀರಿನ ಪಾನಿಪೂರಿಗೂ ಹೆಸರಾಗಿದೆ, ಅದು ಬೇರೆ ಮಾತು.

ಬಂಗಾರಪೇಟೆಯಲ್ಲಿ ನೌಕರಿ ಮಾಡಿದರೂ ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫಿನಲ್ಲಿ. ಅಲ್ಲಿ ‘ಕಂಪನಿ’ ಎಂದರೆ ಯಾವ ಕಂಪನಿ ಎಂದು ಯಾರೂ ಕೇಳುತ್ತಿರಲಿಲ್ಲ. 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಅವರ ಕಾಲದ ಮಾತು ಅದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಸೇರಿದವು, ಆಮೇಲೆ ಕೇಂದ್ರದ ವಶವಾದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು ಬಂತು. ಜನರ ಬಾಯಲ್ಲಿ ಮಾತ್ರ ಅದು ಕಂಪನಿಯೇ. ಲೈನ್ ಮನೆ ಕಂಪನಿಯದು, ಬೇತಮಂಗಲದ ಕೆರೆಯಿಂದ ಬರುವ ನೀರು ಕಂಪನಿಯದು, ಆಸ್ಪತ್ರೆ ಕಂಪನಿಯದು, ನಮ್ಮನ್ನು ಎಬ್ಬಿಸುವ ಸಂಗು ಕಂಪನಿಯದು. ಸಂಗು ಎಂದರೆ ಪಾಳಿಯ ಸೈರನ್ನು. ನಮ್ಮಲ್ಲಿ ತಮಿಳರು ಹೆಚ್ಚು, ಹಾಗಾಗಿ ಕನ್ನಡದವರಿಗೂ ಅದು ಸಂಗುವೇ. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತಕ್ಕೂ ಹೆಚ್ಚು ಮೈಲಿ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ತಂತಿ ಎಳೆದದ್ದು ಗಣಿಯ ಯಂತ್ರಗಳಿಗಾಗಿ ಎಂಬುದನ್ನು ಅಷ್ಟು ಜೋರಾಗಿ ಹೇಳುವುದಿಲ್ಲ.

ನೂರು ವರ್ಷ ಹೀಗೆ ಬದುಕಿದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಬಳಸುವ ವಸ್ತು ತನ್ನದೋ ಪರರದೋ ಎಂಬ ಪ್ರಶ್ನೆಯೇ ಏಳುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಆ ಪ್ರಶ್ನೆ ಒಮ್ಮೆಲೇ ಎದ್ದು ನಿಂತಿತು. ಕೆಲಸ ಹೋಯಿತು ಸರಿ, ಮೂರು ತಲೆಮಾರು ಬಾಳಿದ ಈ ಮನೆ ಯಾರದು? ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಇಂದಿಗೂ ಹೋಗುತ್ತಿದ್ದಾರೆ.

ನಾನು ಹೇಳಹೊರಟದ್ದು ಕಂಪ್ಯೂಟರಿನ ಸಂಗತಿ. ಗಣಿ ಮುಚ್ಚಿದ ವರ್ಷವೇ, ಅಕ್ಟೋಬರಿನಲ್ಲಿ, ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿ ಹೊರಬಂತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ಟೈಪಿಂಗ್ ಶಾಲೆ, ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸು ಎಲ್ಲ ಕಡೆಗೂ ಅದು ಬಂತು. ಕಂಪ್ಯೂಟರ್ ಎಂದರೇ ವಿಂಡೋಸ್, ಕಂಪನಿ ಎಂದರೇ ನಮ್ಮ ಕಂಪನಿ ಎಂದ ಹಾಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಜೋಡಿಸಿ ತಂದ ಯಂತ್ರಗಳಿಗೆ ಮೂಲ ಲೈಸೆನ್ಸಿನ ಗೊಡವೆ ಇರುತ್ತಿರಲಿಲ್ಲ. ಒಂದೇ ತಟ್ಟೆ ಊರೆಲ್ಲ ಸುತ್ತುತ್ತಿತ್ತು. ನಮ್ಮಂಥ ಊರುಗಳಿಗೆ ಗಣಕಯಂತ್ರ ಬಂದದ್ದೇ ಹೀಗೆ. ಇದನ್ನು ಬಿಟ್ಟು ಬರೆದರೆ ಇತಿಹಾಸ ಪೂರ್ತಿಯಾಗುವುದಿಲ್ಲ.

ಆ ದಿನಗಳಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಒಂದು ಹುಚ್ಚು ಹಿಡಿಯಿತು. ಗಣಿಯಲ್ಲಿ ದುಡಿದ ಹಿರಿಯರ ಮಾತನ್ನು ಬರೆದಿಡಬೇಕು ಎಂದು. ಭಾನುವಾರ ಭಾನುವಾರ ಲೈನ್ ಮನೆಗಳಿಗೆ ಹೋಗಿ ಕೂರುತ್ತಿದ್ದೆ. ಅವರು ತಮಿಳಿನಲ್ಲೋ ತೆಲುಗಿನಲ್ಲೋ ಹೇಳುವರು, ನಾನು ಕನ್ನಡದಲ್ಲಿ ಟೈಪು ಮಾಡುವೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಅವರು. ಬಂಡೆ ಸಿಡಿಯುವ ಮೊದಲು ಅದು ಹೇಗೆ ‘ಮಾತಾಡುತ್ತದೆ’ ಎಂದು ಒಬ್ಬ ತಾತ ಬಾಯಲ್ಲೇ ಸದ್ದು ಮಾಡಿ ತೋರಿಸಿದರು. “ಇದನ್ನು ಹೇಗೆ ಬರೀತೀಯ, ವಾದ್ಯಾರೇ?” ಎಂದು ನಕ್ಕರು. ಧೂಳು ಕುಡಿದ ಶ್ವಾಸಕೋಶ; ನಕ್ಕರೆ ಕೆಮ್ಮು ಬರುತ್ತಿತ್ತು. 2002ರಿಂದ ಆರೇಳು ವರ್ಷ ಹೀಗೆ ಕೂಡಿಟ್ಟೆ.

ಕನ್ನಡವನ್ನು ಆಗ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕನ್ನಡಕ್ಕೆ ಕೀಲಿಮಣೆಯ ದಾರಿ ತೋರಿಸಿದವರು ಕೆ.ಪಿ. ರಾವ್. ಕಾಗುಣಿತದ ನೂರಾರು ರೂಪಗಳಿಗೆ ನೂರಾರು ಕೀಲಿ ಬೇಡ, ನಾವು ಉಚ್ಚರಿಸುವ ಕ್ರಮದಲ್ಲೇ ಒತ್ತಿದರೆ ಸಾಕು ಎಂಬುದು ಅವರ ಕಾಣ್ಕೆ. ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಅದೇ ಸಂಸ್ಥೆಯ ವಿಜ್ಞಾನಿಗಳು ನಮ್ಮ ಗಣಿಯೊಳಗೂ ಇದ್ದರು! 1965ರಲ್ಲಿ ಚಾಂಪಿಯನ್ ರೀಫಿನ ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾಲಯದವರೊಡನೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಬೇರೊಂದು ತಂಡ ಅದನ್ನು ಕಂಡಿತು. ಎರಡೂ ಕಡೆಯವರು ಕಂಡದ್ದನ್ನು ಅಚ್ಚು ಹಾಕಿಸಿ ಜಗತ್ತಿಗೆ ಹಂಚಿದರು. ಅದೇ ನೆಲದಿಂದ ಚಿನ್ನವೂ ಮೇಲೆ ಬಂತು, ಅರಿವೂ ಮೇಲೆ ಬಂತು. ಚಿನ್ನ ಎಲ್ಲಿಗೆ ಹೋಯಿತೆಂದು ನಮಗೆಲ್ಲ ಗೊತ್ತು. ಅರಿವು ಮಾತ್ರ ಓದಬಲ್ಲ ಪ್ರತಿಯೊಬ್ಬನದಾಯಿತು. ಈ ಎರಡು ರೀತಿಗಳನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರ್ಕಾರವೇ ಹಂಚಿತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡದ ತಂತ್ರಾಂಶ ಸರಿಯಾಗಬೇಕೆಂದು ಕೊನೆಯ ವರ್ಷಗಳಲ್ಲಿ ಎಷ್ಟು ಓಡಾಡಿದರು ಎಂಬುದು ಸಾಹಿತ್ಯಾಸಕ್ತರಿಗೆ ಗೊತ್ತು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಆ ಕಾಲದ ಬಹುಪಾಲು ಅಕ್ಷರಪುಂಜಗಳಲ್ಲಿ ಒಂದು ತಿರುವಿತ್ತು. ಯಂತ್ರದೊಳಗೆ ಕನ್ನಡಕ್ಕೆ ಸ್ವಂತ ಜಾಗವಿರಲಿಲ್ಲ. ಇಂಗ್ಲಿಷ್ ಅಕ್ಷರಗಳ, ಯೂರೋಪಿನ ಗುರುತುಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಆ ಅಕ್ಷರಪುಂಜ ಇರುವ ತನಕ ಕಣ್ಣಿಗೆ ಕನ್ನಡ; ಅದನ್ನು ತೆಗೆದರೆ ಅರ್ಥವಿಲ್ಲದ ರೋಮನ್ ಗೀಚು. ಕನ್ನಡಕ್ಕೆ ಸ್ವಂತ ಜಾಗ ಕೊಟ್ಟ ಯುನಿಕೋಡ್ 1991ರಲ್ಲೇ ರೂಪುಗೊಂಡಿದ್ದರೂ ನಮ್ಮ ಅಂಗಡಿ ಕಚೇರಿಗಳಲ್ಲಿ ಅದರ ಬಳಕೆ ಬಹಳ ತಡವಾಯಿತು. ಒಟ್ಟಿನಲ್ಲಿ ನಾವು ಬರೆದ ಕನ್ನಡವೂ ಲೈನ್ ಮನೆಯಲ್ಲೇ ಇತ್ತೆನ್ನಿ.

ಇದಕ್ಕೆ ಬೇರೆ ದಾರಿಯೂ ಹುಟ್ಟಿತ್ತು, ಬಹು ದೂರದಲ್ಲಿ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬಾತನಿಗೆ ಕಾಗದ ಸಿಕ್ಕಿಹಾಕಿಕೊಳ್ಳುವ ಒಂದು ಪ್ರಿಂಟರಿನ ಕಾಟವಿತ್ತು. ಅದರ ತಂತ್ರಾಂಶದ ಮೂಲ ಬರಹ ಕೊಟ್ಟರೆ ತಿದ್ದಿಕೊಳ್ಳುತ್ತೇನೆ ಎಂದ. ಅದನ್ನು ಇಟ್ಟುಕೊಂಡಿದ್ದವರು, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂದರು. ಬೇರೆಯವರು ಗೊಣಗಿಕೊಂಡು ಸುಮ್ಮನಾಗುತ್ತಿದ್ದರು. ಈತ 1983ರಲ್ಲಿ, ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಪೂರ್ತಿ ವ್ಯವಸ್ಥೆಯನ್ನೇ ಕಟ್ಟುತ್ತೇನೆಂದು ಸಾರಿದ. ಹೆಸರು ಗ್ನು. 1991ರಲ್ಲಿ ಫಿನ್ಲೆಂಡಿನ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಕೊರತೆಯಾಗಿದ್ದ ತಿರುಳನ್ನು ಬರೆದ. ಅದೇ ಲಿನಕ್ಸ್. ಭಾರತದಲ್ಲಿ ಇದರ ಸಂಸ್ಥೆ ತಿರುವನಂತಪುರದಲ್ಲಿ ತೆರೆದದ್ದು 2001ರ ಜುಲೈ ತಿಂಗಳಲ್ಲಿ, ನಮ್ಮ ಗಣಿ ಮುಚ್ಚಿದ ಐದು ತಿಂಗಳಿಗೆ. ಕೇರಳದ ಶಾಲೆಗಳು ಇದನ್ನೇ ಹಿಡಿದವು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು 2003ರಲ್ಲಿ ಪುಣೆಯಲ್ಲಿ ಮಾತನಾಡುತ್ತ ಭಾರತದಂಥ ದೇಶಕ್ಕೆ ಮುಕ್ತ ತಂತ್ರಾಂಶ ಬೇಕೆಂದರು. 2004ರಿಂದ ಬರತೊಡಗಿದ ಉಬುಂಟು ಎಂಬ ಲಿನಕ್ಸ್ ಬಗೆಯ ತಟ್ಟೆಯನ್ನು, ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆಯಾಗಿ ಕಳಿಸುತ್ತಿದ್ದರು. 2011ರಲ್ಲಿ ಅದು ನಿಂತಿತು. ಶಾಲೆಯ ವಿಳಾಸಕ್ಕೆ ಒಂದು ಬಂದಾಗ ನಮ್ಮ ಪೋಸ್ಟ್‌ಮನ್, “ಸಾರ್, ಫಾರಿನ್ನಿಂದ ಬಂದಿದೆ, ದುಡ್ಡು ಕೊಡೋದು ಬೇಡವಂತೆ” ಎಂದು ಅನುಮಾನದಿಂದಲೇ ಕೊಟ್ಟು ಹೋದ.

ಆ ತಟ್ಟೆ ಬೀರುವಿನಲ್ಲೇ ಉಳಿಯುತ್ತಿತ್ತೇನೋ. 2011ರಿಂದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ, ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ಆರಂಭಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದವರಿಗೆ. ಅಲ್ಲಿನ ಯಂತ್ರಗಳಲ್ಲಿ ಉಬುಂಟು. ನಾನು ಹೋದ ತಂಡದಲ್ಲಿ ಮೊದಲ ದಿನ ಗಲಾಟೆಯೋ ಗಲಾಟೆ. ಸಿ ಡ್ರೈವ್ ಎಲ್ಲಿ? ಸ್ಟಾರ್ಟ್ ಬಟನ್ ಎಲ್ಲಿ? “ಊರಿಗೆಲ್ಲ ಒಂದು ದಾರಿಯಾದರೆ ನಮಗೊಂದು ದಾರಿ” ಎಂದು ಮುಳಬಾಗಿಲಿನ ಹಿರಿಯ ಮೇಡಂ ಒಬ್ಬರು ಸಿಟ್ಟಾದರು. ಮೂರನೆಯ ದಿನ ಅವರೇ ಪರದೆಯ ಮೆನುಗಳನ್ನು ಕನ್ನಡಕ್ಕೆ ತಿರುಗಿಸಿ, ಒಂದು ಕಡೆ ಅನುವಾದ ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಿದರು. ತರಬೇತುದಾರ ಹುಡುಗ, “ತಪ್ಪಿದ್ದರೆ ನೀವೇ ತಿದ್ದಿ ಕಳಿಸಬಹುದು ಮೇಡಂ” ಎಂದ. ಆಕೆ ಅವನ ಮುಖವನ್ನೇ ನೋಡುತ್ತ ಕೂತರು. ಇಪ್ಪತ್ತೈದು ವರ್ಷ ಇಲಾಖೆ ಕಳಿಸಿದ್ದನ್ನು ಸ್ವೀಕರಿಸಿ ಸಹಿ ಹಾಕಿದ ಶಿಕ್ಷಕಿಗೆ, ತಿದ್ದಿ ಕಳಿಸಿ ಎಂದವರು ಅಲ್ಲಿಯವರೆಗೆ ಯಾರೂ ಇದ್ದಿರಲಾರರು.

ನಾನು ಮನೆಯ ಯಂತ್ರವನ್ನೂ ಬದಲಾಯಿಸಿದ್ದು 2014ರಲ್ಲಿ. ಆ ಏಪ್ರಿಲ್ 8ರಂದು ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತಿತು. ಹೊಸ ವಿಂಡೋಸಿನ ಭಾರ ಹೊರುವ ಶಕ್ತಿ ಹಳೆಯ ಯಂತ್ರಕ್ಕಿರಲಿಲ್ಲ. ಉಬುಂಟುವಿನಲ್ಲಿ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೇ ಇದ್ದುದರಿಂದ ಬೆರಳುಗಳಿಗೆ ಹೊಸದೇನೂ ಆಗಲಿಲ್ಲ. ಪ್ರಿಂಟರ್ ಒಂದು ವಾರ ಸತಾಯಿಸಿತು. ಇದೆಲ್ಲ ಸಣ್ಣದು.

ಹಿರಿಯರ ಮಾತುಗಳ ಕಡತಗಳನ್ನು ತೆರೆದೆ. ಒಂದೂ ಕನ್ನಡವಾಗಿರಲಿಲ್ಲ. ಪುಟದ ಮೇಲೆ ಪುಟ ರೋಮನ್ ಗೀಚು, ಅಲ್ಲಲ್ಲಿ ಸೊಟ್ಟ ಗುರುತುಗಳು. ಬಂಡೆಯ ಸದ್ದು ಮಾಡಿ ತೋರಿಸಿದ ತಾತ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಮಾತಾಡಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಇಲ್ಲ. ಪುನಃ ಹೋಗಿ ಕೇಳೋಣವೆಂದರೆ ಕೇಳುವುದು ಯಾರನ್ನು?

ಹಾಳಾದದ್ದು ಲಿನಕ್ಸಿನಿಂದ ಎಂದು ಗೆಳೆಯರು ಹೇಳಿದರು. ನನ್ನ ತೀರ್ಮಾನ ಬೇರೆ. ಆ ಬರಹ ಮೊದಲಿನಿಂದಲೂ ಹಾಗೆಯೇ ಇತ್ತು. ಹೊಸ ವ್ಯವಸ್ಥೆ ಮುಸುಕು ತೆಗೆದು ತೋರಿಸಿತು, ಅಷ್ಟೆ. ಗಣಿ ಮುಚ್ಚುವ ತನಕ ಮನೆ ಕಂಪನಿಯದೆಂದು ನೆನಪಿಗೇ ಬಾರದಿದ್ದ ಹಾಗೆ. ಹಳೆಯ ವಿಂಡೋಸನ್ನೇ ಹಾಕಿ ಪುನಃ ಓದಬಹುದಿತ್ತು, ನಿಜ. ಅದು ಎಷ್ಟು ದಿನ? ಒಂದು ಊರಿನ ನೆನಪನ್ನು ಓದುವುದಕ್ಕೆ ಒಂದೇ ಅಂಗಡಿಯ ಕನ್ನಡಕ ಬೇಕೆನ್ನುವುದಾದರೆ ಆ ನೆನಪು ಊರಿನದು ಹೇಗಾದೀತು? ಮುಕ್ತ ತಂತ್ರಾಂಶದ ಮಾತು ಬಂದಾಗಲೆಲ್ಲ ಎಲ್ಲರೂ ಪುಕ್ಕಟೆ ಎಂಬುದನ್ನೇ ಹಿಡಿದು ಜಗ್ಗುತ್ತಾರೆ. ನಮ್ಮ ಊರಲ್ಲಿ ವಿಂಡೋಸೂ ಪುಕ್ಕಟೆಯಾಗಿಯೇ ಓಡಾಡುತ್ತಿತ್ತಲ್ಲ! ಬೆಲೆ ದೊಡ್ಡ ಸಂಗತಿಯಲ್ಲ.

ಹಳೆಯ ಅಕ್ಷರಪುಂಜಗಳ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಕೆಲವು ಯುವಕರು ಬರೆದು, ಮೂಲ ಬರಹದ ಸಮೇತ ಹಂಚಿದ್ದರು. ಯಾವ ರೋಮನ್ ಗುರುತಿಗೆ ಕನ್ನಡದ ಯಾವ ತುಣುಕು ಎಂಬ ಉದ್ದನೆಯ ಪಟ್ಟಿಯೇ ಅದರ ಜೀವಾಳ. ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ, ದಿನವೂ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನು, ಒಂದು ಭಾನುವಾರ ಬಂದು ನನ್ನ ಕಡತಗಳಿಗೆ ಅದನ್ನು ಹೊಂದಿಸಿದ. ಪಟ್ಟಿಯಲ್ಲಿಲ್ಲದ ಏಳೆಂಟು ಗುರುತುಗಳನ್ನು ಇಬ್ಬರೂ ಕೂತು ಊಹಿಸಿ ಸೇರಿಸಿದೆವು. ಮೂಲ ಬರಹ ತೆರೆದಿದ್ದರಿಂದ ಆ ಕೆಲಸ ಸಾಧ್ಯವಾಯಿತು. ಸಂಜೆಯ ಹೊತ್ತಿಗೆ ತಾತ ಪರದೆಯ ಮೇಲೆ ಮಾತಾಡತೊಡಗಿದರು.

ಎಲ್ಲ ಕಡೆಯೂ ಗೆದ್ದೆವೆಂದು ಹೇಳಲಾರೆ. ನಾನು ಕಂಡ ಎರಡು ಶಾಲೆಗಳ ಕಂಪ್ಯೂಟರ್ ಕೋಣೆಗಳು ತರಬೇತಿ ಪಡೆದ ಮೇಷ್ಟ್ರಿಗೆ ವರ್ಗವಾದ ಮೇಲೆ ಹಿಂದಿನ ದಾರಿಗೇ ಹೋದವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಮಾಮೂಲು ಬೆಂಬಲ ನಿಂತಾಗ ನೆರೆಮನೆಯ ಹುಡುಗ, “ತಾತ, ಇದು ಹನ್ನೊಂದನ್ನು ತಗೊಳ್ಳಲ್ಲವಂತೆ, ಏನು ಮಾಡ್ಲಿ?” ಎಂದು ಲ್ಯಾಪ್‌ಟಾಪ್ ಹಿಡಿದು ಬಂದ. ಲಿನಕ್ಸ್ ಹಾಕಿಕೊಟ್ಟೆ. ಅವನ ಆಟಗಳಲ್ಲಿ ಕೆಲವು ಅದರಲ್ಲಿ ಓಡುತ್ತಿಲ್ಲವೆಂದು ಮುಖ ಊದಿಸಿಕೊಂಡಿದ್ದಾನೆ.

ನನ್ನ ಕಡತಗಳದೂ ಪೂರ್ತಿ ಮುಗಿದಿಲ್ಲ. ಹಳೆಯ ಅಕ್ಷರಪುಂಜದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತಿತ್ತು, ಯುನಿಕೋಡಿನಲ್ಲಿ ಮೊದಲು ಬರಬೇಕು. ಪರಿವರ್ತಕ ಕೆಲವೆಡೆ ಎಡವಿ, ‘ಕಾರ್ಮಿಕ’ ಎಂದು ಇರಬೇಕಾದಲ್ಲಿ ‘ಕಾಮಿರ್ಕ’ ಎಂದು ಮಾಡಿಟ್ಟಿದೆ. ಗಣಿಯ ಕಥೆಯಲ್ಲಿ ಆ ಪದ ಬಾರದ ಪುಟವೇ ಇಲ್ಲ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸಬಹುದು ಎಂದು ಹುಡುಗ ಹೇಳಿಕೊಟ್ಟಿದ್ದಾನೆ. ನಾನು ದಿನಕ್ಕೆ ಹತ್ತು ಪುಟದಂತೆ, ಓದಿಕೊಂಡೇ ತಿದ್ದುತ್ತಿದ್ದೇನೆ.