ಆರು ವರ್ಷದ ವಿದ್ಯಾರ್ಥಿನಿ

1871ರ ಡಿಸೆಂಬರ್ 23ರಂದು ಯೊಕೊಹಾಮಾ ಬಂದರು ಬಿಟ್ಟ ‘ಅಮೆರಿಕ’ ಎಂಬ ಉಗಿಹಡಗಿನಲ್ಲಿ ಜಪಾನಿನ ಘಟಾನುಘಟಿ ಮಂತ್ರಿಗಳಿದ್ದರು. ಪಶ್ಚಿಮದ ದೇಶಗಳನ್ನು ಕಂಡುಬರಲು ಇವಾಕುರಾ ತೊಮೊಮಿಯ ನೇತೃತ್ವದಲ್ಲಿ ಹೊರಟ ನಿಯೋಗ ಅದು. ಅದೇ ಹಡಗಿನಲ್ಲಿ ಐವರು ಹುಡುಗಿಯರೂ ಇದ್ದರು. ಎಲ್ಲರಿಗಿಂತ ಚಿಕ್ಕವಳು ತ್ಸುದಾ ಉಮೆ. ಏಳು ತುಂಬಲು ಇನ್ನೂ ಒಂದು ವಾರವಿತ್ತು.

ಹುಡುಗಿಯರನ್ನು ಓದಲು ಅಮೆರಿಕಕ್ಕೆ ಕಳಿಸುವ ಯೋಚನೆ ಹೊಕ್ಕೈಡೊ ಅಭಿವೃದ್ಧಿ ಕಚೇರಿಯ ಕುರೊದಾ ಕಿಯೊತಾಕನದು. ಅಮೆರಿಕದ ಹೆಂಗಸರನ್ನು ಕಂಡು ಬಂದಿದ್ದ ಆತನಿಗೆ, ತಾಯಂದಿರು ಓದಿದರೆ ಮಕ್ಕಳು ಗಟ್ಟಿಗರಾಗುತ್ತಾರೆ ಎನ್ನಿಸಿತ್ತು. ಹತ್ತು ವರ್ಷದ ಓದು, ಪ್ರಯಾಣ, ವರ್ಷಕ್ಕೆ 800 ಡಾಲರ್, ಎಲ್ಲವೂ ಸರ್ಕಾರದ ಲೆಕ್ಕ. ಆದರೂ ಮೊದಲ ಕರೆಗೆ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಬಂದ ಐವರೂ 1868ರ ಅಂತರ್ಯುದ್ಧದಲ್ಲಿ ಸೋತ ಪಕ್ಷದ ಮನೆತನದವರು. ಹನ್ನೊಂದರ ಯಾಮಾಕಾವಾ ಸುತೆಮಾತ್ಸು, ಎಂಟು ವರ್ಷದವಳಿದ್ದಾಗ ಐಝು ಕೋಟೆಯ ಮುತ್ತಿಗೆಯನ್ನು ಒಳಗಿದ್ದೇ ಕಂಡವಳು.

ಜನವರಿ 15ಕ್ಕೆ ಹಡಗು ಸ್ಯಾನ್ ಫ್ರಾನ್ಸಿಸ್ಕೊ ಸೇರಿತು. ರೇಷ್ಮೆಯ ಕಿಮೋನೊ ಉಟ್ಟ ಹುಡುಗಿಯರನ್ನು ನೋಡಲು ಹೋದಲ್ಲೆಲ್ಲ ಜನ ಮುಗಿಬಿದ್ದರು. ಹೊಸ ದೇಶವನ್ನು ನೋಡಬೇಕಾದವರು ತಾವೇ ನೋಟದ ವಸ್ತುವಾದರು. ಹಿಮ ಬಿದ್ದು ರೈಲುದಾರಿ ಮುಚ್ಚಿದ್ದರಿಂದ ಸಾಲ್ಟ್ ಲೇಕ್ ಸಿಟಿಯಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಕೂರಬೇಕಾಯಿತು. ಶಿಕಾಗೊ ತಲುಪಿದ ಮೇಲಷ್ಟೇ ಅವರಿಗೆ ಅಲ್ಲಿನ ಉಡುಪು ಸಿಕ್ಕಿದ್ದು. ಫೆಬ್ರವರಿ ಕೊನೆಗೆ ವಾಷಿಂಗ್ಟನ್ನಿನ ಚಳಿಯಲ್ಲಿ ಇಳಿದ ಪುಟ್ಟ ಉಮೆಯನ್ನು ಕಂಡು ಜಪಾನಿನ ಪ್ರತಿನಿಧಿ ಮೋರಿ ಅರಿನೋರಿಯೇ ಗಾಬರಿಬಿದ್ದ. ಇಷ್ಟು ಸಣ್ಣ ಕೂಸನ್ನು ಇಟ್ಟುಕೊಂಡು ಏನು ಮಾಡುವುದು?

ಹಿರಿಯರಿಬ್ಬರು ಆರೋಗ್ಯ ಕೆಟ್ಟು ಅದೇ ವರ್ಷ ಮರಳಿದರು. ಉಳಿದ ಮೂವರು ಬೇರೆ ಬೇರೆ ಮನೆಗಳಲ್ಲಿ ಬೆಳೆದರು. ಉಮೆ ಜಾರ್ಜ್‌ಟೌನಿನ ಲ್ಯಾನ್‌ಮನ್ ದಂಪತಿಗೆ ಮಗಳಂತಾದಳು. ನ್ಯೂ ಹೇವನ್ನಿನ ಬೇಕನ್ ಕುಟುಂಬದಲ್ಲಿದ್ದ ಸುತೆಮಾತ್ಸು 1882ರಲ್ಲಿ ವಸಾರ್ ಕಾಲೇಜಿನ ಪದವಿ ಪಡೆದಳು. ಜಪಾನಿನ ಹೆಂಗಸೊಬ್ಬಳು ಪದವೀಧರೆಯಾದದ್ದು ಅದೇ ಮೊದಲು.

ನಿಜವಾದ ಪರದೇಶ ಎದುರಾದದ್ದು ಅದೇ ವರ್ಷದ ನವೆಂಬರಿನಲ್ಲಿ, ತವರಿನಲ್ಲಿ.

ಹದಿನೇಳರ ಉಮೆಗೆ ಜಪಾನಿ ಮರೆತೇಹೋಗಿತ್ತು. ಹೆತ್ತವರ ಜೊತೆ ಮಾತಾಡಲೂ ಇನ್ನೊಬ್ಬರು ಬೇಕು, ನೆಲದ ಮೇಲೆ ಮಂಡಿ ಮಡಚಿ ಕೂತರೆ ಕಾಲು ನೋವು. ತನ್ನ ಅಚ್ಚರಿ, ಸಿಡಿಮಿಡಿಗಳನ್ನೆಲ್ಲ ಆಕೆ ಇಂಗ್ಲಿಷಿನಲ್ಲಿ ಲ್ಯಾನ್‌ಮನ್ನರ ಮನೆಗೆ ಬರೆದಳು. ಅಂಥ ನೂರಾರು ಪತ್ರಗಳು 1984ರಲ್ಲಿ ಟೋಕಿಯೊದ ಕಾಲೇಜೊಂದರ ಅಟ್ಟದಲ್ಲಿ ಸಿಕ್ಕವು. ಹುಡುಗಿಯರನ್ನು ಕಳಿಸಿದ ಹೊಕ್ಕೈಡೊ ಕಚೇರಿಯೇ ಉಮೆ ಮರಳುವಷ್ಟರಲ್ಲಿ ಮುಚ್ಚಿತ್ತು. ವಿದೇಶದಲ್ಲಿ ಓದಿ ಬಂದ ಗಂಡಸರಿಗೆ ಹುದ್ದೆಗಳು ಕಾದಿದ್ದವು. ಇವರಿಗೆ ಏನೂ ಇರಲಿಲ್ಲ. ಸುತೆಮಾತ್ಸು ಮರುವರ್ಷ ಯುದ್ಧಮಂತ್ರಿ ಓಯಾಮಾ ಇವಾವೊನನ್ನು ಮದುವೆಯಾದಳು. ಐಝು ಕೋಟೆಗೆ ಗುಂಡು ಸುರಿಸಿದ ಪಡೆಯಲ್ಲಿ ಆತನೂ ಇದ್ದ.

ಉಮೆಕೊ ಎಂದು ಹೆಸರಾದ ತ್ಸುದಾ ಮದುವೆಯಾಗಲಿಲ್ಲ. 1889ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದಳು, ಜಪಾನಿನ ಇತರ ಹೆಂಗಸರೂ ಅಲ್ಲಿಗೆ ಬಂದು ಓದಲೆಂದು ವಿದ್ಯಾರ್ಥಿವೇತನದ ನಿಧಿ ಕೂಡಿಸಿದಳು. 1900ರಲ್ಲಿ ಟೋಕಿಯೊದಲ್ಲಿ ಹತ್ತು ವಿದ್ಯಾರ್ಥಿನಿಯರ ಶಾಲೆ ತೆರೆದಳು. ಇಂದಿನ ತ್ಸುದಾ ವಿಶ್ವವಿದ್ಯಾಲಯದ ಮೂಲ ಅದು. ಅಲ್ಲಿ ಪಾಠ ಹೇಳಲು ಸಾಗರ ದಾಟಿ ಬಂದವಳು ಆಲಿಸ್ ಬೇಕನ್, ಸುತೆಮಾತ್ಸು ಬೆಳೆದ ನ್ಯೂ ಹೇವನ್ನಿನ ಮನೆಯ ಮಗಳು. ಅದಕ್ಕೂ ಮೊದಲೊಮ್ಮೆ ಜಪಾನಿಗೆ ಬಂದಿದ್ದಾಗ ತಾನು ಕಂಡದ್ದನ್ನು ಆಕೆ ಪುಸ್ತಕವಾಗಿಯೂ ಬರೆದಿದ್ದಳು.