ಎಣ್ಣೆಯೂ ಬೆವರೂ

ಕೈವಾರಕ್ಕೆ ಹೋದವರಿಗೆ ಅಲ್ಲಿಯ ಜನ ಭೀಮಸೇನನ ಕಥೆ ಹೇಳದೆ ಕಳುಹಿಸುವುದಿಲ್ಲ. ಬಕಾಸುರ ಮಡಿದ ಏಕಚಕ್ರನಗರ ಅದೇ ಎಂಬುದು ಸ್ಥಳಪುರಾಣ. ಪುರಾಣ ಹಾಗಿರಲಿ, ಮಲ್ಲನ ಮೈಕಟ್ಟು ಬರಿಯ ಊಟದಿಂದ ಬಂದುದಲ್ಲವೆಂಬುದಕ್ಕೆ ನಮ್ಮ ಚರಿತ್ರೆಯಲ್ಲಿಯೇ ಸಾಕ್ಷ್ಯವುಂಟು.

ಮೈಗೆ ಎಣ್ಣೆ ತಿಕ್ಕುವುದು ಅಭ್ಯಂಗ. ಪುಡಿ ಹಾಕಿ ಉಜ್ಜುವುದು ಉದ್ವರ್ತನ. ಅಂಗಾಂಗಗಳನ್ನು ಮೆಲ್ಲನೆ ಒತ್ತುವುದು ಸಂವಾಹನ. ಎಣ್ಣೆ ಕಂಡ ಗಾಡಿಯ ಅಚ್ಚಿನಂತೆ ದೇಹವೂ ದೃಢವಾಗುವುದೆಂದು ಚರಕನ ಮತ. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಅಭ್ಯಂಗಸ್ನಾನದ ವರ್ಣನೆಯಿದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನ ಮಾತು ಇನ್ನೂ ಸ್ವಾರಸ್ಯವಾದುದು. ಕೃಷ್ಣದೇವರಾಯನು ನಸುಕಿನಲ್ಲೆದ್ದು, ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿವರಸೆಯಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಕುಸ್ತಿ ಹಿಡಿಯುತ್ತಿದ್ದನಂತೆ!

ಗಮನಿಸಿರಿ: ಅಲ್ಲಿ ಎಣ್ಣೆಯು ವ್ಯಾಯಾಮದ ಸಂಗಾತಿ, ಅದರ ಬದಲಿಯಲ್ಲ. ಆಯಾಸ ಕಳೆಯುವುದು, ಸುಖನಿದ್ರೆ ಬರುವುದು, ಬಿಗಿದ ಸ್ನಾಯು ಸಡಿಲುವುದು ಇವು ಮರ್ದನದ ಫಲಗಳು. ಆದರೆ ಜ್ವರ, ಅಜೀರ್ಣಗಳಿದ್ದಾಗ ಅಭ್ಯಂಗ ಕೂಡದೆಂದು ಹಿಂದಿನ ವೈದ್ಯರೇ ಕಟ್ಟುಮಾಡಿದ್ದಾರೆ.

ಇಂದು ಹಣ ತೆತ್ತರೆ ಮೈ ಒತ್ತುವವರು ಪಟ್ಟಣಗಳಲ್ಲಿ ದೊರೆಯುತ್ತಾರೆ. ಬೆವರನ್ನು ಮಾತ್ರ ನಾವೇ ಸುರಿಸಬೇಕು.